ಬರಿ

ಮೊದಲು ಕೇಳಿದ್ದು ಹೆಸರು, ಆಮೇಲೆ ಪ್ರಾಯ,
ಆಮೇಲೆ, ತಪ್ಪು ತಿಳಕೋಬ್ಯಾಡ್ರಿ ಅನ್ನುತ್ತ, ಸತ್ತವರ ಲೆಕ್ಕ.
ಗಂಡಸರಿಗೆ ಚೌಕ, ಹೆಂಗಸರಿಗೆ ಉರುಟು,
ತೀರಿಕೊಂಡವರ ಮೇಲೆ ಓರೆಯಾಗಿ ಒಂದು ಗೀಟು.
ಉಮಾ ಅಂಗಡಿ ಡಾಕ್ಟರ ಪೆನ್ನು ಒಳ್ಳೆಯದು,
ಎಳೆಯುವಾಗ ಎಲ್ಲೂ ತಡೆಯಲಿಲ್ಲ.

ನಮ್ಮಲ್ಲಿ ಹುಡುಗಿ ನೋಡಲು ಬಂದವರು
ಚಾ ಕುಡಿಯುವ ಮೊದಲೇ ಕೇಳುತ್ತಾರೆ: ಯಾವ ಬರಿ?
ತಿಂಗಳಾಯ, ಎನ್ನುತ್ತಿದ್ದಳು ಅಮ್ಮ.
ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ,
ಗಂಡುಮಕ್ಕಳಲ್ಲಿ ಬಂದು ನಿಂತುಬಿಡುವ ಹೆಸರು.
ತಮ್ಮಲೆಯ ಮಕ್ಕಳು ಅವರಮ್ಮನ ಬರಿ, ಕಾಂಚನ್,
ಬೇರೆ ಮನೆ, ಬೇರೆ ಸೂತಕ.

ಈ ಕಾಗದದಲ್ಲಿ ಗೆರೆ ಅಲ್ಲಿ ನಿಲ್ಲುವುದಿಲ್ಲ.
ತಮ್ಮಲೆಯ ಚೌಕದಿಂದ ಕೆಳಗಿಳಿದು
ವಾರಿಜಳ ಉರುಟಿನೊಳಗೆ
ಪ್ರಶ್ನೆಯ ಗುರುತಾಗಿ ಕೂತಿದೆ.

ತಮ್ಮಲೆಗೆ ಮೂಲವ್ಯಾಧಿ ಎಂದಿದ್ದೆವು.
ನಲವತ್ತಮೂರಕ್ಕೆ ಹೋದದ್ದೂ ಅದರಲ್ಲೇ ಎಂದು
ಹದಿನಾರು ವರ್ಷ ಹೇಳಿಕೊಂಡು ಬಂದೆವು.
ಅಜ್ಜಿಯದ್ದು ಗರ್ಭಕೋಶ; ಅದು ಬೇರೆ, ಹೆಂಗಸರದ್ದು,
ಜೋರಾಗಿ ಹೇಳಬಾರದ್ದು.
ಅಮ್ಮನದ್ದು ದೊಡ್ಡ ಕರುಳು,
ಬೋಟುಗಳೆಲ್ಲ ದಡದಲ್ಲಿದ್ದ ಹೋದ ಆಟಿಯಲ್ಲಿ.
ಮೂವರನ್ನೂ ಸುತ್ತಿ ಬಳೆಯೊಂದನ್ನು ಬರೆದರು ಡಾಕ್ಟರು.

ಜೀವಕೋಶ ತನ್ನನ್ನು ನಕಲು ಮಾಡುವಾಗ
ಅಕ್ಷರ ತಪ್ಪುವುದುಂಟಂತೆ, ತಿದ್ದುವವರೂ ಒಳಗೇ ಇದ್ದಾರಂತೆ.
ಕಂಪ್ಯೂಟರು ತಿರುಗಿಸಿ ಏನೋ ತೋರಿಸಿದರು.
ದಕ್ಕೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು ನಾನು,
ನನಗೆ ಕಂಡದ್ದು ಹೊಯಿಗೆಯಲ್ಲಿ ಕಾಲು ಚಾಚಿ
ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಕೂತ ತಮ್ಮಲೆ.
ಹರಿದ ಕಣ್ಣು ಅವರಿಗೆ ಕತ್ತಲಲ್ಲೂ ಸಿಗುತ್ತಿತ್ತು.
ಎಲ್ಲರೊಳಗೂ ಇಬ್ಬಿಬ್ಬರು ಬಲೆ ಕಟ್ಟುವವರು,
ಅಪ್ಪ ಕೊಟ್ಟವನೊಬ್ಬ, ಅಮ್ಮ ಕೊಟ್ಟವನೊಬ್ಬ.
ನನ್ನಲ್ಲಿ ಒಬ್ಬ ಹುಟ್ಟುವಾಗಲೇ ಸೂಜಿ ಇಲ್ಲದವ.
ಇನ್ನೊಬ್ಬ ಒಂಟಿಯಾಗಿ ಕಟ್ಟುತ್ತಾನೆ, ಕಟ್ಟುತ್ತಾನೆ,
ಯಾವತ್ತೋ ಒಂದು ಜಾಗದಲ್ಲಿ ಅವನ ಕೈಯೂ ಸೋತರೆ...

"ಸೋತ ಬಿಡ್ತಾನ ಅಂತೇನಿಲ್ರೀ. ಇದು ಬರೀ ಸಾಧ್ಯತೆ."
ಬರೀ ಸಾಧ್ಯತೆ. ನನಗೆ ನಗು ಬಂತು.
ಧಾರವಾಡದವರು, ಯಾಕೆಂದು ಅವರಿಗೆ ತಿಳಿಯಲಿಲ್ಲ.

"ವರ್ಷಕ್ಕೊಮ್ಮೆ ಕ್ಯಾಮೆರಾ ಹಾಕಿ ನೋಡೋಣ,
ಗಂಟು ಕಂಡ್ರ ಅಲ್ಲೇ ತಗಿಯೋಣ.
ನಿಮ್ಮ ಮಾವನ ಮಕ್ಕಳಿಗೂ ಹೇಳ್ರಿ."
ಮಾವನ ಮಕ್ಕಳಿಗೆ!
ಕಟ್ಟಿನ ಪ್ರಕಾರ ಬೋಟು ನಮಗೆ, ಕಾನೂನಿನ ಪ್ರಕಾರ ಅವರಿಗೆ,
ಒಂಬತ್ತು ವರ್ಷ ಕೋರ್ಟಿನ ಮೆಟ್ಟಿಲಲ್ಲಿ ಬೆನ್ನು ತಿರುಗಿಸಿ ನಿಂತವರು.
ಕೊನೆಗೆ ಎಂಜಿನು ಗುಜರಿಗೆ ಹೋಯಿತು,
ಹಲಗೆ ಅಳಿವೆಬಾಗಿಲ ಹತ್ತಿರ ಮಳೆಗೆ ಬಿದ್ದು ಕುಂಬಾಯಿತು.
ಈ ಒಂದು ಆಸ್ತಿಗೆ ಯಾರೂ ವಕೀಲರನ್ನು ಹಿಡಿದಿರಲಿಲ್ಲ,
ಎಷ್ಟೋ ಮೊದಲೇ ಪಾಲಾಗಿತ್ತು.

ಐದೂವರೆಯ ಫೆರಿ. ನದಿಯ ಮೇಲೆ ಡೀಸೆಲ್ಲಿನ ಬಣ್ಣ.
ಬೆಂಗ್ರೆಯಲ್ಲಿ ಇಳಿದು ನಡೆಯುವಷ್ಟರಲ್ಲಿ
ಸೊಂಟಕ್ಕೆ ಸಿಕ್ಕಿಸಿದ ಲಕೋಟೆ ಬೆವರಿಗೆ ಮೆತ್ತಗಾಗಿತ್ತು.
ವಾರಿಜ ಮೆಟ್ಟುಕತ್ತಿಯ ಮುಂದೆ ಬಂಗುಡೆ ಶುಚಿ ಮಾಡುತ್ತಿದ್ದಳು.
ಏಳಲಿಲ್ಲ. ಹೋಗು ಎನ್ನಲೂ ಇಲ್ಲ.
ಹೇಳಿದೆ: ಗೆರೆ, ಚೌಕ, ಸೂಜಿ, ಎಲ್ಲ ಹಿಂದುಮುಂದಾಗಿ.
ಅವಳ ಬೆರಳು ಮೀನಿನ ಹೊಟ್ಟೆಯೊಳಗೇ
ಸ್ವಲ್ಪ ಹೊತ್ತು ನಿಂತಿತು.

"ಅಪ್ಪನಿಗೆ ಮೂಲವ್ಯಾಧಿ ಅಲ್ಲವಾ?"
"ಅಲ್ಲ."
"ಹಾಗಾದರೆ ನನ್ನ ಅಮ್ಮ, ಇಷ್ಟು ವರ್ಷ,
ತಾನು ಹಾಕಿದ ಖಾರ ಹೆಚ್ಚಾಯಿತು, ಅದಕ್ಕೇ ಹೋದರು ಎಂದು
ಸಾಯುವವರೆಗೆ ಮೆಣಸು ಮುಟ್ಟದೆ ಉಂಡದ್ದು?"

ಕಾಗದದಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಮಗನನ್ನು ಕರೆದು ನೀರು ತರಿಸಿದಳು.
ಕೈ ತೊಳೆದಳು, ಸಾಬೂನು ಹಾಕಿ, ಎರಡೆರಡು ಸಲ.
"ಕೊಡು," ಅಂದಳು. "ಬಸ್ಸು ಎಲ್ಲಿ ಹತ್ತುವುದು?"
"ಸ್ಟೇಟ್‌ಬ್ಯಾಂಕಿನಲ್ಲಿ. ನಾನೂ ಬರುತ್ತೇನೆ."

ಕೊನೆಯ ಫೆರಿ ಕೂಗಿದ್ದು ಇಬ್ಬರಿಗೂ ಕೇಳಿಸಿತು.
ಅವಳು ಬುಟ್ಟಿಯಿಂದ ಇನ್ನು ನಾಲ್ಕು ಬಂಗುಡೆ ಎತ್ತಿಕೊಂಡಳು.